ಮಳೆಯ ನೆರಳಿನಲ್ಲಿ ಒಂದು ಬೇಸ್‌ಬಾಲ್ ಪಂದ್ಯ

ಬೇಸ್‌ಬಾಲ್ ಎಂಬ ಆಟವನ್ನು ನಮ್ಮ ಓದುಗ ಬಂಧುಗಳಲ್ಲಿ ಬಹುಮಂದಿ ಕಣ್ಣಾರೆ ಕಂಡಿರಲಾರರು. ಅಮೆರಿಕೆಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದವರು ಅದನ್ನು ಟೆಲಿವಿಷನ್ನಿನಲ್ಲಿ ಐದು ನಿಮಿಷ ನೋಡಿ, ಇದೇನು ಆಟವೋ, ಚೆಂಡು ಎಸೆಯುವುದಕ್ಕಿಂತ ಉಗುಳುವುದೇ ಹೆಚ್ಚು ಎಂದು ಎದ್ದು ಹೋಗುವುದುಂಟು. ನಮ್ಮ ಮೊದಲ ಅಭಿಪ್ರಾಯವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಆದರೆ ಮಗಳ ಮಗ ಆಡುವ ಆಟ ಎಂದಾದ ಮೇಲೆ ಅದು ಪರದೇಶದ ಆಟವಾಗಿ ಉಳಿಯುವುದಿಲ್ಲ. ಮೂರು ಸಲ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೋಗಿ, ಪ್ರತಿ ಸಲವೂ ವೀಸಾದವರು ಕೊಟ್ಟ ಆರು ತಿಂಗಳು ಮುಗಿಯುವವರೆಗೆ ಅಲ್ಲಿದ್ದು, ನಾವಿಬ್ಬರೂ ಈ ಆಟದ ಅಭಿಮಾನಿಗಳಾಗಿಬಿಟ್ಟೆವು. ದಾವಣಗೆರೆಯ ಮಂಡಿಯ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರೊಬ್ಬರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರೊಬ್ಬರು. ಅಂಕಿಗಳ ಮೇಲೆ ನಿಂತ ಆಟ ನಮ್ಮನ್ನು ಸೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಆಟದ ತಿರುಳು ನಮ್ಮ ಚಿನ್ನಿದಾಂಡಿಗೆ ದೂರದ ನೆಂಟ, ಕ್ರಿಕೆಟ್ಟಿಗೆ ಹತ್ತಿರದ ದಾಯಾದಿ. ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ. ವಜ್ರದ ಆಕಾರದಲ್ಲಿ ನಾಲ್ಕು ಮೂಲೆಗಳು, ಮೂಲೆಯಿಂದ ಮೂಲೆಗೆ 90 ಅಡಿ. ನಡುವಿನ ಮಣ್ಣಿನ ದಿಬ್ಬದಿಂದ 60 ಅಡಿ 6 ಅಂಗುಲ ದೂರದಲ್ಲಿರುವ ದಾಂಡಿಗನತ್ತ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾರೆ. ಹೊಡೆದವನು ನಾಲ್ಕೂ ಮೂಲೆಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್ನು. ಮೂವರು ಔಟಾದರೆ ಪಕ್ಷ ಬದಲು. ಹೀಗೆ ಎರಡೂ ಪಕ್ಷಗಳು ಒಮ್ಮೊಮ್ಮೆ ಆಡಿದರೆ ಒಂದು ಇನ್ನಿಂಗು. ಒಂಬತ್ತು ಇನ್ನಿಂಗಿಗೆ ಒಂದು ಪಂದ್ಯ. ಇಷ್ಟು ಹೊತ್ತಿಗೆ ಪಂದ್ಯ ಮುಗಿಯಬೇಕೆಂಬ ಕಟ್ಟಳೆಯಿಲ್ಲ. 2009ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೂ ಇದೇ ಮ್ಯಾಸಚೂಸೆಟ್ಸಿನ ಬಾಸ್ಟನ್ ಕಾಲೇಜಿಗೂ ಆಸ್ಟಿನ್ ನಗರದಲ್ಲಿ ನಡೆದ ಪಂದ್ಯ ಸಮವಾಗಿಯೇ ಉಳಿದು ಉಳಿದು, 25 ಇನ್ನಿಂಗುಗಳವರೆಗೆ ಬೆಳೆದು, ಏಳು ಗಂಟೆಗೂ ಮೀರಿ ನಡೆದು 3-2ರಲ್ಲಿ ಟೆಕ್ಸಸ್ ಪಾಲಾಯಿತು.

ಇಂತಹ ಆಟಕ್ಕೆ ಗಡಿಯಾರದ ಭಯವಿಲ್ಲ. ಇರುವುದು ಮಳೆಯ ಭಯ. ಮಳೆ ಬಂದರೆ ಚೆಂಡು ಕೈಯಲ್ಲಿ ಜಾರುತ್ತದೆ. ಗಂಟೆಗೆ 80, 85 ಮೈಲಿ ವೇಗದ ಚೆಂಡು ಹಿಡಿತ ತಪ್ಪಿದರೆ ದಾಂಡಿಗನ ತಲೆಗೇ ಬಡಿಯಬಹುದು. ಎಸೆಯುವವನು ಕಾಲೂರುವ ದಿಬ್ಬ ಕೆಸರಾದರೆ ಅವನ ಮೊಣಕಾಲಿಗೂ ತೋಳಿಗೂ ಅಪಾಯ. ಕಾಲೇಜು ಆಟಗಾರರ ದಾಂಡು ಮರದ್ದಲ್ಲ, ಬಹುಮಟ್ಟಿಗೆ ಲೋಹದ್ದು. 1974ರಿಂದ ಅಲ್ಲಿ ಅದಕ್ಕೆ ಅನುಮತಿಯಿದೆ. ಬಯಲಿನ ನಡುವೆ ಲೋಹದ ದಾಂಡನ್ನು ಎತ್ತಿ ಹಿಡಿದು ನಿಂತವನ ಮೇಲೆ ಮೋಡ ಗುಡುಗಿದರೆ ಹೆತ್ತವರ ಎದೆ ಏನಾದೀತೆಂದು ಹೇಳಬೇಕಾಗಿಲ್ಲ.

ನಾವು ಇಳಿದುಕೊಳ್ಳುತ್ತಿದ್ದ ಮಗಳ ಮನೆ ಆ ರಾಜ್ಯದ ಪಶ್ಚಿಮ ಭಾಗದಲ್ಲಿ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿದೆ. ಆಟಗಳ ಚರಿತ್ರೆಯಲ್ಲಿ ಇದು ಪುಣ್ಯಕ್ಷೇತ್ರವೆನ್ನಬಹುದಾದ ಸೀಮೆ. ಅದೇ ನದಿಯ ದಂಡೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಬ್ಯಾಸ್ಕೆಟ್‌ಬಾಲನ್ನು ಹುಟ್ಟುಹಾಕಿದರು. ನಾಲ್ಕು ವರ್ಷಗಳ ತರುವಾಯ, ನೆರೆಯ ಹೋಲಿಯೋಕಿನಲ್ಲಿ ವಿಲಿಯಂ ಮಾರ್ಗನ್ ಎಂಬವರು ವಾಲಿಬಾಲನ್ನು ಕಲ್ಪಿಸಿದರು. ಎರಡೂ ಹುಟ್ಟಿದ್ದು ಸೂರಿನ ಕೆಳಗೆ ಆಡುವುದಕ್ಕಾಗಿಯೇ. ಹೊರಗೆ ಕಾಲಿಡಲಾಗದ ಚಳಿಗಾಲದಲ್ಲಿ ಹುಡುಗರ ಕೈಕಾಲಿಗೆ ಕೆಲಸ ಬೇಕಾಗಿತ್ತು. ಬೇಸ್‌ಬಾಲಿಗೆ ಮಾತ್ರ ಅಲ್ಲಿ ಸೂರು ಒದಗಲಿಲ್ಲ. ನಮ್ಮ ಹೊಲದಂತೆ ಅದು ಇಂದಿಗೂ ಆಕಾಶವನ್ನೇ ನಂಬಿದೆ.

ಕಾಲೇಜುಗಳ ನಡುವಿನ ಮೊತ್ತಮೊದಲ ಬೇಸ್‌ಬಾಲ್ ಪಂದ್ಯ ನಡೆದದ್ದೂ ಅಲ್ಲಿಂದ ಪಶ್ಚಿಮಕ್ಕಿರುವ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ, 1859ರ ಜುಲೈ 1ರಂದು. ಆಮ್ಹರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು 73-32ರಿಂದ ಸೋಲಿಸಿತು. ಆಗಿನ ಆ ಸೀಮೆಯ ಪದ್ಧತಿಯಂತೆ ಒಂದೊಂದು ಪಕ್ಷಕ್ಕೆ ಹದಿಮೂರು ಮಂದಿ. ಮರುದಿನ ಅದೇ ಎರಡು ಕಾಲೇಜುಗಳು ಚದುರಂಗದ ಪಂದ್ಯವನ್ನೂ ಆಡಿದವು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಮೈಯೂ ಬುದ್ಧಿಯೂ ಒಂದೇ ಪ್ರವಾಸದಲ್ಲಿ ಪರೀಕ್ಷೆಗೊಳಗಾದವಲ್ಲವೇ! ಇದೇ ಪಿಟ್ಸ್‌ಫೀಲ್ಡಿನ ಪ್ರಾರ್ಥನಾ ಮಂದಿರದ ಕಿಟಕಿ ಗಾಜುಗಳಿಗೆ ಹಾನಿಯಾಗದಿರಲೆಂದು, ಅದರ 80 ಗಜದೊಳಗೆ ಬೇಸ್‌ಬಾಲ್ ಮೊದಲಾದ ಆಟಗಳನ್ನು ಆಡಕೂಡದೆಂದು 1791ರಲ್ಲಿಯೇ ಊರಿನವರು ಕಟ್ಟಳೆ ಮಾಡಿದ್ದರು. ಆ ಹಳೆಯ ಕಾಗದ ಜನರ ಗಮನಕ್ಕೆ ಬಂದದ್ದು 2004ರಲ್ಲಿ.

ಇನ್ನು ಮೊಮ್ಮಗನ ವಿಷಯ. ಅವನ ಹೆಸರನ್ನೂ ಕಾಲೇಜಿನ ಹೆಸರನ್ನೂ ಬರೆಯಕೂಡದೆಂದು ಅವನೇ ನಮ್ಮಿಂದ ಮಾತು ತೆಗೆದುಕೊಂಡಿದ್ದಾನೆ. ಅದೊಂದು ಚಿಕ್ಕ ಕಾಲೇಜು. ಅಮೆರಿಕೆಯ ಕಾಲೇಜು ಕ್ರೀಡೆಯಲ್ಲಿ ಮೂರು ಶ್ರೇಣಿಗಳಿವೆ. ಮೊದಲ ಶ್ರೇಣಿಯವರ ಪಂದ್ಯಗಳಿಗೆ ಕೆಲವೆಡೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸೇರುತ್ತಾರೆ. ಮೂರನೆಯ ಶ್ರೇಣಿಯಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಲ್ಲಿ ಆಡುವವರು ಓದುವುದಕ್ಕೆ ಬಂದವರು, ಆಡದೆ ಇರಲಾರದವರು. ಪ್ರೇಕ್ಷಕರೆಂದರೆ ತಂದೆತಾಯಿಗಳು, ನಾಲ್ಕಾರು ಗೆಳೆಯರು, ನಾಯಿಯನ್ನು ಅಡ್ಡಾಡಿಸಲು ಬಂದ ಊರಿನವರು.

ನಮ್ಮ ಹುಡುಗ ಕಾಲೇಜಿಗೆ ಸೇರಿದ್ದು 2019ರಲ್ಲಿ. ಮೊದಲ ವರ್ಷದ ಆಟ ಇನ್ನೂ ಆರಂಭದಲ್ಲಿರುವಾಗಲೇ, 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ದೇಶದ ಕಾಲೇಜು ಕ್ರೀಡೆಯೆಲ್ಲ ನಿಂತುಹೋಯಿತು. ಮರುವರ್ಷ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೆರಳೆಣಿಕೆಯ ಪಂದ್ಯಗಳನ್ನಾಡಿದರು. ಮೂರನೆಯ ವರ್ಷ ಅವನ ಸ್ಥಾನಕ್ಕೆ ಅವನಿಗಿಂತ ಗಟ್ಟಿಗ ಬಂದ. ನಾಲ್ಕು ವರ್ಷಗಳಲ್ಲಿ ಅವನು ದಾಂಡು ಹಿಡಿದು ನಿಂತದ್ದು ಏಳು ಸಲ. ಹಿಟ್ ಎಂದು ಲೆಕ್ಕಕ್ಕೆ ಸೇರಿದ್ದು ಒಂದೂ ಇಲ್ಲ. ಆದರೂ ಅಭ್ಯಾಸಕ್ಕೆ ಒಂದು ದಿನ ತಪ್ಪಿಸಿದವನಲ್ಲ. ಮಳೆ ಬರುವ ದಿನ ಅಂಗಳಕ್ಕೆ ತಾಡಪಾಲು ಹೊದಿಸುವ ಕೆಲಸದಲ್ಲಿ ಅವನನ್ನು ಬಿಟ್ಟರಿಲ್ಲ ಎಂಬ ಹೆಸರು ಮಾತ್ರ ಗಳಿಸಿದ್ದ. ಈ ಮಾತನ್ನು ಅವನು ನಗುತ್ತಾ ಹೇಳಿದಾಗ ಅವನ ತಾಯಿ ಅಡುಗೆಮನೆಗೆ ಎದ್ದುಹೋದಳು.

2023ರ ವಸಂತದಲ್ಲಿ ಅವನ ಕೊನೆಯ ತವರು ಪಂದ್ಯ ಗೊತ್ತಾಯಿತು. ಅಂದು ಕೊನೆಯ ವರ್ಷದ ಹುಡುಗರನ್ನು ತಂದೆತಾಯಿಗಳ ಸಮೇತ ಅಂಗಳದ ನಡುವೆ ಕರೆದು ಗೌರವಿಸುವ ವಾಡಿಕೆಯಿದೆ. ಆ ದಿನ ಅವರಿಗೆ ಆಡುವ ಅವಕಾಶವನ್ನೂ ಕೊಡುತ್ತಾರೆ. ಕೋಚ್ ಹಿಂದಿನ ದಿನವೇ ನಮ್ಮವನಿಗೆ ತಿಳಿಸಿದ್ದರು: ಬಲಗಡೆಯ ಹೊರ ಅಂಗಳದಲ್ಲಿ ನಿಲ್ಲುವುದು, ದಾಂಡಿನ ಸರದಿಯಲ್ಲಿ ಒಂಬತ್ತನೆಯವನು.

ಆದರೆ ಆ ಶನಿವಾರ ಮಧ್ಯಾಹ್ನ ಮಳೆಯಾಗುವುದೆಂದು ಹವಾಮಾನದವರು ಮೂರು ದಿನಗಳಿಂದ ಹೇಳುತ್ತಲೇ ಇದ್ದರು. ಎರಡು ಗಂಟೆಯ ಪಂದ್ಯವನ್ನು ಹನ್ನೆರಡಕ್ಕೆ ತಂದರು. ಇಲ್ಲಿ ಒಂದು ನಿಯಮವನ್ನು ಓದುಗರು ಗಮನಿಸಬೇಕು, ಏಕೆಂದರೆ ನಮ್ಮ ಅಂದಿನ ಮಧ್ಯಾಹ್ನವೆಲ್ಲ ಅದರ ಮೇಲೆ ತೂಗಾಡಿತು. ಮಳೆಯಿಂದ ನಿಂತ ಪಂದ್ಯ ಲೆಕ್ಕಕ್ಕೆ ಬರಬೇಕಾದರೆ ಐದು ಇನ್ನಿಂಗುಗಳು ಮುಗಿದಿರಬೇಕು. ತವರಿನ ಪಕ್ಷವು ಎರಡನೆಯದಾಗಿ ಆಡುವುದರಿಂದ, ಅದು ಮುಂದಿದ್ದರೆ ನಾಲ್ಕೂವರೆಯೂ ಸಾಕು. ಅದಕ್ಕೆ ಮುಂಚೆಯೇ ನಿಂತರೆ, ಉಳಿದ ಭಾಗವನ್ನು ಇನ್ನೊಂದು ದಿನ ಮುಂದುವರಿಸುವ ಒಪ್ಪಂದ ಮೊದಲೇ ಆಗಿರದಿದ್ದಲ್ಲಿ, ಪಂದ್ಯ ನಡೆದೇ ಇಲ್ಲವೆಂದು ತೀರ್ಮಾನ. ಹೊಡೆದ ರನ್ನು, ಹಿಡಿದ ಚೆಂಡು ಯಾವುದೂ ದಾಖಲೆಯಲ್ಲಿ ನಿಲ್ಲುವುದಿಲ್ಲ. ಎದುರು ಪಕ್ಷದವರು ಬೇರೆ ಗುಂಪಿನ ಕಾಲೇಜಿನವರು, ಮೂರು ಗಂಟೆಗಳ ದಾರಿಯಿಂದ ಬಸ್ಸಿನಲ್ಲಿ ಬಂದವರು, ಪರೀಕ್ಷೆಗಳು ಸಮೀಪಿಸಿದ್ದವು. ಇನ್ನೊಂದು ದಿನವೆಂಬುದು ಇರಲಿಲ್ಲ.

ಕ್ರಿಕೆಟ್ಟಿನಲ್ಲಾದರೆ ಮಳೆಗೊಂದು ಗಣಿತವಿದೆ. 1992ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ, 13 ಚೆಂಡುಗಳಲ್ಲಿ 22 ರನ್ ಬೇಕಾಗಿದ್ದ ದಕ್ಷಿಣ ಆಫ್ರಿಕಕ್ಕೆ ಮಳೆ ನಿಂತ ಮೇಲೆ ಉಳಿದದ್ದು ಒಂದೇ ಚೆಂಡು ಎಂಬ ಅನ್ಯಾಯವನ್ನು ಜಗತ್ತೇ ಕಂಡಿತು. ಆಮೇಲೆ ಡಕ್‌ವರ್ತ್ ಮತ್ತು ಲೂಯಿಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರ ಲೆಕ್ಕ ಬಂದು, 1997ರಿಂದ ಬಳಕೆಗೆ ಸೇರಿತು. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಂತೂ 2017ರಲ್ಲಿ ನೆಲದಡಿಯ ಕೊಳವೆಗಳಿಂದ ನೀರನ್ನು ಹೀರಿ ತೆಗೆಯುವ ಯಂತ್ರವನ್ನೇ ಕೂರಿಸಿದರು. ಚಿಕ್ಕ ಕಾಲೇಜಿನ ಬೇಸ್‌ಬಾಲ್ ಅಂಗಳಕ್ಕೆ ಆ ಯಂತ್ರವೂ ಇಲ್ಲ, ಈ ಗಣಿತವೂ ಇಲ್ಲ. ಉಂಟು, ಇಲ್ಲವೇ ಇಲ್ಲ, ಎರಡೇ ಮಾತು.

ಅಂದು ಬೆಳಿಗ್ಗೆ ಎಂಟಕ್ಕೆ, ಅಂದರೆ ನಮ್ಮೂರಿನಲ್ಲಿ ಸಂಜೆ ಐದೂವರೆಗೆ, ಊರಿನಿಂದ ತಮ್ಮನ ಫೋನು ಬಂತು. ಅವನದು ದಾವಣಗೆರೆಗೆ ಹತ್ತಿರದ ಹಳ್ಳಿಯಲ್ಲಿ ಮಳೆಯಾಶ್ರಯದ ಹೊಲ, ಮೆಕ್ಕೆಜೋಳ ಬಿತ್ತುತ್ತಾನೆ. "ಯಣ್ಣಾ, ಭರಣಿ ಮಳಿ ಇನ್ನೂ ಒಂದು ಹನಿ ಬಿದ್ದಿಲ್ಲ. ನೆಲ ಕಾದ ಹೆಂಚು ಆಗೈತಿ. ನಿಮ್ಮ ಕಡೆ ಹೆಂಗೈತಿ ಮಳಿ?" ಎಂದು ಕೇಳಿದ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತನ್ನು ಕೇಳುತ್ತ ಬೆಳೆದವರು ನಾವು. ಮೋಡವಾಗಿದೆ ಎಂದಷ್ಟೇ ಹೇಳಿದೆವು. ಆ ಮೋಡ ಹಾಗೆಯೇ ಹೋಗಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದುದನ್ನು ಅವನಿಗೆ ಹೇಳುವ ಬಾಯಿ ನಮಗೆ ಬರಲಿಲ್ಲ. ಜನ್ಮವಿಡೀ ಮಳೆ ಬರಲೆಂದು ಆಕಾಶ ನೋಡಿದ ಕಣ್ಣುಗಳಿಂದ ಮಳೆ ಬಾರದಿರಲೆಂದು ನೋಡುವುದು, ನಂಬಿರಿ, ಸುಲಭವಲ್ಲ.

ಅಂಗಳ ತಲುಪಿದಾಗ ಹನ್ನೊಂದು ಗಂಟೆ. ದಕ್ಷಿಣಕ್ಕೆ ಹೋಲಿಯೋಕ್ ಬೆಟ್ಟಸಾಲಿನ ನೆತ್ತಿ ಆಗಲೇ ಮೋಡದೊಳಗೆ ಸೇರಿತ್ತು. ಸ್ವೆಟರಿನ ಮೇಲೆ ಶಾಲು ಹೊದ್ದು, ಮಡಿಸುವ ಕುರ್ಚಿಗಳನ್ನು ಬೇಲಿಯ ಹತ್ತಿರ ಹಾಕಿಕೊಂಡೆವು. ನಮ್ಮ ಚೀಲದಲ್ಲಿ ಚಹದ ಥರ್ಮಾಸು, ಖಾರ ಮಂಡಕ್ಕಿ, ಮತ್ತು ನಮ್ಮ ಅಂಕಪುಸ್ತಕ. ಈ ಆಟದಲ್ಲಿ ಪ್ರೇಕ್ಷಕರೂ ಲೆಕ್ಕ ಬರೆಯುವ ಪದ್ಧತಿಯುಂಟು. ಪ್ರತಿಯೊಂದು ಸ್ಥಾನಕ್ಕೂ ಒಂದು ಅಂಕಿ: ಎಸೆಯುವವನು 1, ಅವನ ಚೆಂಡನ್ನು ಹಿಡಿಯುವವನು 2, ಹೀಗೆ ಬಲ ಹೊರ ಅಂಗಳದವನು 9. ಎರಡನೆಯ ಮೂಲೆಯವನು ಚೆಂಡು ಹಿಡಿದು ಒಂದನೆಯ ಮೂಲೆಗೆ ಎಸೆದು ಔಟು ಮಾಡಿದರೆ 4-3 ಎಂದು ಬರೆದರಾಯಿತು. ಮೂರು ಸ್ಟ್ರೈಕಿಗೆ ಔಟಾದರೆ ಕೆ ಎಂಬ ಇಂಗ್ಲಿಷ್ ಅಕ್ಷರ. ದಾಂಡು ಬೀಸದೆ ನಿಂತು ಔಟಾದರೆ ಅದೇ ಅಕ್ಷರ ತಿರುವು ಮುರುವು. ನಮ್ಮಿಬ್ಬರಲ್ಲಿ ಒಬ್ಬರು ಬರೆಯುವುದು, ಒಬ್ಬರು ನೋಡಿ ಹೇಳುವುದು. ಮಂಡಿಯ ಖಾತೆಪುಸ್ತಕಕ್ಕಿಂತ ಇದು ಚೊಕ್ಕ.

ಪಕ್ಕದಲ್ಲಿ ಕುಳಿತ ಹೆಂಗಸು ಎದುರು ಪಕ್ಷದ ಹುಡುಗನೊಬ್ಬನ ತಾಯಿ. ಆಕೆಯ ಮಗನೇ ಅಂದು ಅವರ ಪಕ್ಷದ ಎಸೆತಗಾರ, ಅವನದೂ ಕೊನೆಯ ವರ್ಷ. ಆಕೆ ಫೋನಿನಲ್ಲಿ ಮಳೆಯ ರೇಡಾರ್ ಚಿತ್ರವನ್ನು ತೆರೆದಿಟ್ಟುಕೊಂಡು ಹಸುರು, ಹಳದಿ ಬಣ್ಣಗಳು ಕಣಿವೆಯತ್ತ ತೆವಳಿ ಬರುವುದನ್ನು ನಮಗೂ ತೋರಿಸುತ್ತಿದ್ದಳು. ಮಂಡಕ್ಕಿಯನ್ನು ಮೊದಲು ಅನುಮಾನದಿಂದ ಬಾಯಿಗೆ ಹಾಕಿಕೊಂಡವಳು ಎರಡನೆಯ ಇನ್ನಿಂಗಿನ ಹೊತ್ತಿಗೆ ಡಬ್ಬಿಯನ್ನು ತಾನೇ ಹಿಡಿದುಕೊಂಡಳು.

ಗೌರವದ ಶಾಸ್ತ್ರ ಮುಗಿಯಿತು. ಮಗಳು, ಅಳಿಯಂದಿರು ಮಗನ ತೋಳು ಹಿಡಿದು ಅಂಗಳದ ನಡುವಿನವರೆಗೆ ನಡೆದರು. ಅದರ ವಿವರ ಬೇಡ. ಎಲ್ಲ ತಾಯ್ತಂದೆಯರೂ ಹಾಗೆಯೇ ನಡೆಯುತ್ತಾರೆ. ಪಂದ್ಯ ಆರಂಭಿಸಬೇಕೇ ಬೇಡವೇ ಎಂಬುದು ತವರಿನವರ ತೀರ್ಮಾನ. ಆರಂಭವಾದ ಮೇಲೆ ನಿಲ್ಲಿಸುವುದು ಅಂಪೈರರ ಅಧಿಕಾರ. ಹನ್ನೆರಡಕ್ಕೆ ಸರಿಯಾಗಿ ಮೊದಲ ಚೆಂಡು ಬಿತ್ತು.

ಎರಡನೆಯ ಇನ್ನಿಂಗಿನಲ್ಲಿ ನಮ್ಮವರು ಎರಡು ರನ್ ಮಾಡಿದರು. ಅದೇ ಇನ್ನಿಂಗಿನ ಕೊನೆಗೆ ನಮ್ಮ ಹುಡುಗ ಬಂದು, ನೆಲದ ಮೇಲೆ ಉರುಳುವ ಚೆಂಡೊಂದನ್ನು ಹೊಡೆದು ಔಟಾದ. 4-3 ಎಂದು ಬರೆದೆವು. ಪೆನ್ಸಿಲ್ಲಿನ ಮೊನೆ ಮುರಿಯಿತು. ಮೂರನೆಯ ಇನ್ನಿಂಗಿನಲ್ಲಿ ಎದುರಿನವರು ಎರಡನ್ನೂ ತೀರಿಸಿ ಸಮ ಮಾಡಿದರು. ನಾಲ್ಕನೆಯದರಲ್ಲಿ ತುಂತುರು ಆರಂಭವಾಯಿತು. ಬೇಲಿಯಾಚೆ ನಿಂತ ಅಳಿಯಂದಿರು ಕೊಡೆ ಬಿಡಿಸಲಿಲ್ಲ. ಬಿಡಿಸಿದರೆ ಮಳೆಯನ್ನು ಒಪ್ಪಿಕೊಂಡಂತೆ ಎಂದು ಅವರ ಎಣಿಕೆ. "ಮಾವಾ, ಇದು ಮಳೆಯಲ್ಲ, ಇಬ್ಬನಿ" ಎಂದರು. ನಾವು ಹೂಂಗುಟ್ಟಿದೆವು.

ನಾಲ್ಕನೆಯ ಇನ್ನಿಂಗಿನ ಉತ್ತರಾರ್ಧ. ಇಬ್ಬರು ಔಟು, ಒಂದನೆಯ ಮೂಲೆಯಲ್ಲೊಬ್ಬ, ಎರಡನೆಯ ಮೂಲೆಯಲ್ಲೊಬ್ಬ. ಸರದಿ ಒಂಬತ್ತನೆಯವನದು. ಮೊದಲ ಚೆಂಡಿಗೆ ಬೀಸಿ ತಪ್ಪಿದ. ಎರಡನೆಯದು ಹೊರಗೆ ಹೋಯಿತು. ಮೂರನೆಯದನ್ನು ಹೊಡೆದ ಸದ್ದೇ ಸರಿಯಿರಲಿಲ್ಲ. ದಾಂಡಿನ ಹಿಡಿಯ ಹತ್ತಿರ ತಾಗಿದ ಒಣ ಸದ್ದು. ಚೆಂಡು ಎತ್ತರಕ್ಕೂ ಹೋಗಲಿಲ್ಲ, ದೂರಕ್ಕೂ ಹೋಗಲಿಲ್ಲ. ಎರಡನೆಯ ಮೂಲೆಯವನು ಹಿಂದಕ್ಕೆ ಓಡಿದ, ಬಲ ಹೊರ ಅಂಗಳದವನು ಮುಂದಕ್ಕೆ ಓಡಿಬಂದ. ಇಬ್ಬರ ನಡುವೆ, ಇಬ್ಬರ ಕೈಗೂ ಸಿಗದಂತೆ, ಒದ್ದೆ ಹುಲ್ಲಿನ ಮೇಲೆ ಚೆಂಡು ಬಿದ್ದಿತು. ಎರಡನೆಯ ಮೂಲೆಯಿಂದ ಓಡಿದವನು ಮನೆ ಮುಟ್ಟಿದ. 3-2. ನಮ್ಮ ಹುಡುಗ ಒಂದನೆಯ ಮೂಲೆಯ ಮೇಲೆ ಎರಡೂ ಕಾಲಿಟ್ಟು ನಿಂತು, ಹೆಲ್ಮೆಟ್ ಸರಿಮಾಡಿಕೊಂಡು, ಏನೂ ಆಗದವನಂತೆ ನೆಲ ನೋಡುತ್ತಿದ್ದ.

ಪಕ್ಕದ ತಾಯಿ ನಮ್ಮ ಕೈ ಹಿಡಿದು ಅಭಿನಂದಿಸಿದಳು, ಆ ಚೆಂಡನ್ನು ಎಸೆದವನು ಆಕೆಯ ಮಗನೇ ಆಗಿದ್ದರೂ.

ಆದರೆ ಆ ಹಿಟ್ ಇನ್ನೂ ಆಗಿರಲಿಲ್ಲ. ಅದು ಆಗಬೇಕಾದರೆ ಎದುರಿನವರ ಐದನೆಯ ಸರದಿ ಪೂರ್ತಿ ಮುಗಿಯಬೇಕು, ನಮ್ಮವರು ಮುಂದೆಯೇ ಇರಬೇಕು. ಮೂರು ಔಟುಗಳಷ್ಟು ಹೊತ್ತು ಆಕಾಶ ತಡೆಯಬೇಕು. ಮೊದಲನೆಯವನು ಎತ್ತರಕ್ಕೆ ಹೊಡೆದು ಸಿಕ್ಕಿಬಿದ್ದ. ಎರಡನೆಯವನು ದಾಂಡು ಹಿಡಿದು ಬರುತ್ತಿರುವಾಗ ಬೆಟ್ಟದ ಹಿಂದೆ ಗುಡುಗಿತು. ದೊಡ್ಡ ಗುಡುಗಲ್ಲ, ಎತ್ತಿನ ಗಾಡಿ ಸೇತುವೆಯ ಮೇಲೆ ಹೋದಷ್ಟು ಸದ್ದು. ಅಂಪೈರ್ ಎರಡೂ ಕೈ ಎತ್ತಿದರು.

ಗುಡುಗಿನ ವಿಷಯದಲ್ಲಿ ಅಲ್ಲಿ ಚೌಕಾಸಿಯಿಲ್ಲ. ಕೊನೆಯ ಗುಡುಗು ಕೇಳಿ, ಕೊನೆಯ ಮಿಂಚು ಕಂಡು ಮೂವತ್ತು ನಿಮಿಷ ಕಳೆಯಬೇಕು. ನಡುವೆ ಇನ್ನೊಮ್ಮೆ ಗುಡುಗಿದರೆ ಎಣಿಕೆ ಮತ್ತೆ ಮೊದಲಿನಿಂದ. ಪ್ರೇಕ್ಷಕರೆಲ್ಲ ಕಾರುಗಳಿಗೆ ಹೋಗಬೇಕೆಂದು ಘೋಷಿಸಿದರು. ನಾವು ಹೋಗುವ ಮುನ್ನ ಕಂಡದ್ದೆಂದರೆ, ಎರಡೂ ಪಕ್ಷಗಳ ಹುಡುಗರು ಸೇರಿ ಉದ್ದನೆಯ ಉರುಳೆಯನ್ನು ತಳ್ಳಿ ತಾಡಪಾಲನ್ನು ಬಿಡಿಸುತ್ತಿದ್ದುದು. ಗಾಳಿಗೆ ಅದರ ಅಂಚು ಹಾಯಿಯಂತೆ ಎದ್ದಾಗ ಅದರ ಮೇಲೆ ಮೈಚೆಲ್ಲಿ ಬಿದ್ದವನು ನಮ್ಮ ಹುಡುಗ. ಎಲ್ಲಿ ಹಿಡಿಯಬೇಕು, ಯಾವ ಕಡೆಯಿಂದ ಎಳೆದರೆ ದಿಬ್ಬದ ಮೇಲೆ ಸುಕ್ಕಾಗುವುದಿಲ್ಲ, ಮರಳಿನ ಚೀಲಗಳನ್ನು ಎಲ್ಲಿ ಇಡಬೇಕು ಎಂದು ಕೂಗಿ ಹೇಳುತ್ತಿದ್ದವನೂ ಅವನೇ. ದಾವಣಗೆರೆಯ ಮಂಡಿಯಲ್ಲಿ ಹಠಾತ್ತನೆ ಮಳೆ ಬಂದಾಗ, ಹರಡಿದ ಜೋಳದ ರಾಶಿಗೆ ಹಮಾಲರು ತಾಡಪಾಲು ಹೊದಿಸುವಾಗ ನಾವು ಕೇಳಿದ ದನಿ ಅದು. ಅವನು ಅದನ್ನು ಕೇಳಿದವನಲ್ಲ.

ಕಾರಿನ ಗಾಜಿನ ಮೇಲೆ ನೀರು ಹೊಳೆಯಾಗಿ ಇಳಿಯುತ್ತಿತ್ತು. ಮಗಳು ಗಡಿಯಾರ ನೋಡುತ್ತಿದ್ದಳು. ಇಪ್ಪತ್ತೆರಡನೆಯ ನಿಮಿಷಕ್ಕೆ ಮತ್ತೊಮ್ಮೆ ಗುಡುಗಿತು. "ಅವ್ವಾ, ಇನ್ನು ಆಗೂದಿಲ್ಲ ಬಿಡು" ಎಂದಳು. ನಾವು ಮಾತನಾಡಲಿಲ್ಲ. ಏಳು ಸಲದ ಸೊನ್ನೆಗಳೆಲ್ಲ ದಾಖಲೆಯಲ್ಲಿ ಭದ್ರವಾಗಿವೆ. ಒಂದೇ ಒಂದು ಹಿಟ್ ನೀರಿನಲ್ಲಿ ಕೊಚ್ಚಿಹೋಗುತ್ತಿದೆ. ಅತ್ತ ತಮ್ಮನ ಹೊಲಕ್ಕೆ ಬೀಳಬೇಕಾದದ್ದು ಇತ್ತ, ಯಾರಿಗೂ ಬೇಡದ ಕಡೆ, ಧಾರಾಳವಾಗಿ ಬೀಳುತ್ತಿದೆ. ಮಳೆಯ ಮೇಲೆ ಸಿಟ್ಟಾಗುವುದು ನಮಗೆ ಗೊತ್ತಿರಲಿಲ್ಲ, ಅಂದು ಆದೆವು. ಅಮೆರಿಕೆಯ ಪ್ರಸಿದ್ಧ ತಂಡಗಳ ಪಂದ್ಯಗಳಿಗೆ ಟಿಕೇಟಿನ ಜೊತೆ ಮಳೆಚೀಟಿ ಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದಲೇ ಇದೆ. ಮಳೆ ಬಂದು ನಿಂತರೆ ಅದನ್ನು ತೋರಿಸಿ ಇನ್ನೊಂದು ದಿನದ ಪಂದ್ಯ ನೋಡಬಹುದು. ನೋಡುವವನಿಗೆ ಚೀಟಿ ಕೊಟ್ಟಾರು, ಆಡುವವನಿಗೆ ಯಾರು ಕೊಡಬೇಕು?

ಮೂವತ್ತು ನಿಮಿಷಗಳು ಎರಡನೆಯ ಸಲ ಪೂರ್ತಿಯಾದವು. ಮಳೆ ಸಣ್ಣದಾಗಿ, ನಿಂತಂತೆ ಆಯಿತು. ಹುಡುಗರು ತಾಡಪಾಲಿನ ಮೇಲಿನ ನೀರನ್ನು ಹೊರ ಅಂಗಳಕ್ಕೆ ಚೆಲ್ಲಿ ಅದನ್ನು ಸುತ್ತಿದರು. ಅಂಚಿನಲ್ಲಿ ಕೆಸರಾದ ಕಡೆ ಸುಟ್ಟ ಜೇಡಿಮಣ್ಣಿನ ಸಣ್ಣ ಹರಳುಗಳನ್ನು ಚೀಲಗಟ್ಟಲೆ ಸುರಿದು ಕುಂಟೆಯಂಥ ಹಲಗೆಯಿಂದ ಎಳೆದರು. ಆ ಹರಳು ಪುಟಾಣಿ ಹಿಟ್ಟು ಎಣ್ಣೆ ಹೀರುವಂತೆ ನೀರು ಹೀರುತ್ತದೆ. ಇದಕ್ಕೆ ಇಪ್ಪತ್ತು ನಿಮಿಷ. ಪಕ್ಕದ ಕುರ್ಚಿಯ ತಾಯಿ ತನ್ನ ರೇಡಾರ್ ತೋರಿಸಿದಳು; ಇನ್ನೊಂದು ಹಳದಿ ಪಟ್ಟೆ ನದಿಯ ಕೆಳಗಣ ಊರುಗಳನ್ನು ದಾಟುತ್ತಿತ್ತು. ಅದು ಬೇಗ ಬಂದರೆ ಆಕೆಯ ಮಗನ ಕೊನೆಯ ಪಂದ್ಯಗಳಲ್ಲಿ ಒಂದು ಸೋಲು ಕಡಿಮೆಯಾಗುತ್ತಿತ್ತು. ಆಕೆ ಏನನ್ನು ಬಯಸಿದಳೋ ನಾವು ಕೇಳಲಿಲ್ಲ. ಆಕೆಯೂ ನಮ್ಮನ್ನು ಕೇಳಲಿಲ್ಲ. ಚಹವನ್ನು ಹಂಚಿಕೊಂಡೆವು.

ಆಟ ಮುಂದುವರಿಯಿತು. ನಮ್ಮ ಎಸೆತಗಾರನ ತೋಳು ಆರಿಹೋಗಿದ್ದರಿಂದ ಹೊಸಬನನ್ನು ಕಳುಹಿಸಿದರು. ಅವನು ಮೊದಲ ದಾಂಡಿಗನಿಗೆ ನಾಲ್ಕು ಚೆಂಡುಗಳನ್ನೂ ಹೊರಗೆಸೆದು ಪುಕ್ಕಟೆಯಾಗಿ ಒಂದನೆಯ ಮೂಲೆಗೆ ಕಳುಹಿಸಿದ. ಎರಡನೆಯವನನ್ನು ಮೂರು ಸ್ಟ್ರೈಕಿಗೆ ಔಟು ಮಾಡಿದ. ಇನ್ನೊಂದು ಬೇಕು. ಹನಿ ಮತ್ತೆ ಆರಂಭವಾಗಿತ್ತು. ಅಂಪೈರ್ ಒಮ್ಮೆ ಅಂಗೈ ಚಾಚಿ ನೋಡಿ ಕೈ ಒರೆಸಿಕೊಂಡರು. ಆ ಒರೆಸಿಕೊಳ್ಳುವಿಕೆಯನ್ನು ನಾವು ಮರೆಯುವಂತಿಲ್ಲ. ಮೂರನೆಯವನು ಹೊಡೆದ ಚೆಂಡು ನೆಲದ ಮೇಲೆ ಉರುಳಿ ಎರಡನೆಯ ಮೂಲೆಯವನ ಬಳಿಗೆ ಬಂತು. ಅವನ ಕೈಯಲ್ಲಿ ಒಂದು ಕ್ಷಣ ಜಾರಿತು. ಎಸೆದದ್ದು ತಗ್ಗಾಗಿ ಹೋಯಿತು. ಒಂದನೆಯ ಮೂಲೆಯ ಎತ್ತರದ ಹುಡುಗ ಮೈಯೆಲ್ಲ ಚಾಚಿ ನೆಲದಿಂದ ಅದನ್ನು ಬಾಚಿಕೊಂಡ. ಔಟು.

4-3 ಎಂದು ಬರೆದೆವು. ಎರಡನೆಯ ಇನ್ನಿಂಗಿನಲ್ಲಿ ನಮ್ಮ ಪೆನ್ಸಿಲ್ ಮುರಿದ ಅದೇ ಎರಡು ಅಂಕಿಗಳು.

ಆರನೆಯ ಇನ್ನಿಂಗಿನಲ್ಲಿ ಒಬ್ಬ ಔಟಾಗುವಷ್ಟರಲ್ಲಿ ಹಳದಿ ಪಟ್ಟೆ ತಲೆಯ ಮೇಲೆ ಬಂದು ನಿಂತಿತು. ಮತ್ತೆ ತಾಡಪಾಲು, ಮತ್ತೆ ಅರ್ಧ ಗಂಟೆ. ಆಮೇಲೆ ಅಂಪೈರ್ ಇಬ್ಬರು ಕೋಚುಗಳನ್ನೂ ಕರೆದು ಮಾತನಾಡಿ ಕೈ ಕುಲುಕಿದರು. 3-2ಕ್ಕೆ ಪಂದ್ಯ ಮುಗಿದಂತಾಯಿತು. ಎದುರಿನ ಎಸೆತಗಾರನ ತಾಯಿ ಕೊಡೆಯನ್ನು ಮಗನ ತಲೆಯ ಮೇಲೆ ಹಿಡಿಯಲು ಹೋದಳು. ಅವನು ಬೇಡವೆಂದು ಬಸ್ಸಿನ ಕಡೆ ನೆನೆಯುತ್ತಲೇ ನಡೆದ. ಬಸ್ಸು ಹೊರಡುವ ಮೊದಲು ಅವನು ನಮ್ಮ ಹುಡುಗನ ಹತ್ತಿರ ಬಂದು ಏನೋ ಹೇಳಿ ನಗಿಸಿದ. ಏನೆಂದು ಕೇಳಿದರೆ ನಮ್ಮವನು ಇನ್ನೂ ಹೇಳಿಲ್ಲ.

ಸಂಜೆ ಕಾಲೇಜಿನವರು ಅಂದಿನ ಅಂಕಪಟ್ಟಿಯನ್ನು ಪ್ರಕಟಿಸಿದರು. ಒಂಬತ್ತನೆಯ ಸಾಲಿನಲ್ಲಿ ಎರಡು ಸರದಿ, ಒಂದು ಹಿಟ್, ತಂದ ರನ್ನು ಒಂದು ಎಂದಿತ್ತು. ಮಗಳು ಅದನ್ನು ಮುದ್ರಿಸಿ ತೆಗೆದಳು. ಮೊಮ್ಮಗ ಆ ಬೇಸಿಗೆಯಲ್ಲಿಯೇ ಬಾಸ್ಟನ್ನಿನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ. ಪಂದ್ಯವೆಂದು ದಾಂಡು ಹಿಡಿದದ್ದು ಅದೇ ಕೊನೆ.

ಆದರೆ ಆ ಶನಿವಾರ ನಾವು ಅವನನ್ನು ಕೂಡಲೇ ಮನೆಗೆ ಕರೆದೊಯ್ಯಲಾಗಲಿಲ್ಲ. ತಾಡಪಾಲಿನ ಅಂಚಿಗೆಲ್ಲ ಮರಳಿನ ಚೀಲಗಳನ್ನಿಟ್ಟು, ಕುಂಟೆ ಹಲಗೆಗಳನ್ನು ಕೊಠಡಿಗೆ ಸೇರಿಸಿ ಬರುವ ಸರದಿ ಎಂದಿನಂತೆ ಅವನದಾಗಿತ್ತು. ಕೊನೆಯ ವರ್ಷದವರಿಗೆ ಅಂದು ವಿನಾಯಿತಿ ಕೊಟ್ಟಿದ್ದರಂತೆ; ಕಿರಿಯರಿಗೆ ದಿಬ್ಬದ ಕಡೆ ಸರಿಯಾಗಿ ಮುಚ್ಚಲು ಬರುವುದಿಲ್ಲ ಎಂದು ಇವನೇ ಉಳಿದ. ನಾವು ಕಾರಿನಲ್ಲಿ ಹೀಟರ್ ಹಾಕಿಕೊಂಡು, ಒದ್ದೆಯಾದ ಅಂಕಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಗಾಳಿಗೆ ಹಿಡಿದುಕೊಂಡು ಕುಳಿತೆವು. ನಾಲ್ಕನೆಯ ಇನ್ನಿಂಗಿನ ಹಾಳೆಯಲ್ಲಿ ಪೆನ್ಸಿಲ್ ಗುರುತು ಸ್ವಲ್ಪ ಕದಡಿತ್ತು, ಓದಲು ಬರುತ್ತಿತ್ತು. ಅವನು ಬಂದು ಬಾಗಿಲು ತೆಗೆದಾಗ ಮೈಯಿಂದ ನೀರು ಸುರಿಯುತ್ತಿತ್ತು. "ಅಜ್ಜೀ, ಮಂಡಕ್ಕಿ ಉಳಿದಿದೆಯಾ?" ಎಂದ. ಡಬ್ಬಿ ಆ ತಾಯಿಯ ಕೈಯಲ್ಲೇ ಹೋಗಿತ್ತು.